ಎಷ್ಟು ಎತ್ತರದ ತನಕ ವಿಮೆ

ನನ್ನ ಅಕ್ಕನ ಎಡಗಾಲು ಈಗ ಬಲಗಾಲಿಗಿಂತ ಒಂದು ಬೆರಳಿನಷ್ಟು ಗಿಡ್ಡ. ನೇಪಾಳದ ಕಲ್ಲಿನ ಮೇಲೆ ಬಿದ್ದು ಮುರಿದ ಕಾಲು ಅದು. ಮುರಿದದ್ದಕ್ಕೆ ನಾನು ಯಾರನ್ನೂ ದೂರುವುದಿಲ್ಲ. ಗುಡ್ಡ ಹತ್ತುವವರು ಬೀಳುತ್ತಾರೆ. ಗಿಡ್ಡವಾದದ್ದಕ್ಕೆ ದೂರುತ್ತೇನೆ, ಅದೂ ಒಬ್ಬನನ್ನೇ. ಅವನು ಗೋಕಾಕದಲ್ಲಿ ವಿಮೆ ಮಾರುತ್ತಿದ್ದ. ಎದುರಿಗೆ ಸಿಕ್ಕಾಗ ‘ರೀ’ ಹಚ್ಚಿಯೇ ಮಾತಾಡಿಸಿದ್ದೇನೆ, ನಮ್ಮ ಕಡೆಯ ರೂಢಿ ಹಾಗೆ. ಬರೆಯುವಾಗ ಆ ಮರ್ಯಾದೆ ಕೊಡಲು ನನಗೆ ಮನಸ್ಸಿಲ್ಲ.

ನಾವಿಬ್ಬರೂ ಬೆಳೆದದ್ದು ಹಿಡಕಲ್ ಅಣೆಕಟ್ಟಿನ ಹತ್ತಿರ, ನೀರಾವರಿ ಇಲಾಖೆಯ ಕ್ವಾರ್ಟರ್ಸಿನಲ್ಲಿ. ಮನೆಯ ಹಿಂದೆಯೇ ಗುಡ್ಡ. ಅವ್ವ ರೊಟ್ಟಿ ಬಡಿಯುವ ಹೊತ್ತಿಗೆ ನಾವು ಮೇಲೆ ಹೋಗಿ, ನೀರು ಎಷ್ಟು ಏರಿದೆ ಎಂದು ನೋಡಿಕೊಂಡು, ಹಸಿವಾದಾಗ ಇಳಿದು ಬರುತ್ತಿದ್ದೆವು. ಮುಂದೆ ಅಕ್ಕ ಮದುವೆಯಾಗಿ ಹುಕ್ಕೇರಿಗೆ ಹೋದಳು. ನಾನು ಮೂಡಲಗಿಯ ಹೈಸ್ಕೂಲಿನಲ್ಲಿ ಗಣಿತ ಕಲಿಸುವ ಕೆಲಸ ಹಿಡಿದು ಗೋಕಾಕದಲ್ಲಿ ಮನೆ ಮಾಡಿದೆ.

ಅಕ್ಕನ ಗಂಡನದು ಹಿಟ್ಟಿನ ಗಿರಣಿ. ಅವರು ತೀರಿಕೊಂಡ ಮೇಲೆ ಗಿರಣಿ ಮಾರಿಬಿಡು ಎಂದು ಎಲ್ಲರೂ ಹೇಳಿದರು. ಅಕ್ಕ ಸೆರಗನ್ನು ಸೊಂಟಕ್ಕೆ ಸಿಗಿಸಿ ತಾನೇ ಯಂತ್ರದ ಪಟ್ಟಾ ಏರಿಸಿದಳು. ಜೋಳದ ಚೀಲವನ್ನು ತೊಡೆಗೆ ಆನಿಸಿ ಒಂದೇ ಏಟಿಗೆ ಎತ್ತಿ ಗಿರಣಿಯ ಬಾಯಿಗೆ ಸುರಿಯುತ್ತಿದ್ದಳು. ಸಂಜೆಗೆ ಹುಬ್ಬು, ರೆಪ್ಪೆ ಎಲ್ಲ ಬೆಳ್ಳಗೆ. ರವಿವಾರ ಬಾಗಿಲು ಹಾಕಿ ಮೊದಲ ಬಸ್ಸಿಗೆ ಗೋಕಾಕಕ್ಕೆ ಬರುತ್ತಿದ್ದಳು. “ವಾರಪೂರ್ತಿ ಗಿರಣಿ ಸಪ್ಪಳ ಕೇಳಿ ಕೇಳಿ ಕಿವಿ ಗುಂಯ್ ಅಂತಾವ. ಗುಡ್ಡದ ಮ್ಯಾಲ ಹೋದ್ರ ಎಲ್ಲಾ ಸುಮ್ಮಗಾಗತೈತಿ” ಎನ್ನುತ್ತಿದ್ದಳು.

ಹೀಗೆ ನಡೆಯಲು ಬರುವವರು ಒಬ್ಬೊಬ್ಬರೇ ಕೂಡಿ ನಮ್ಮದೊಂದು ಗುಂಪಾಯಿತು. ನಿವೃತ್ತ ಬ್ಯಾಂಕ್ ನೌಕರರೊಬ್ಬರು, ಬಟ್ಟೆ ಅಂಗಡಿಯ ದಂಪತಿ, ಕೊಣ್ಣೂರಿನ ಕಬ್ಬು ಬೆಳೆಯುವ ಇಬ್ಬರು ಅಣ್ಣತಮ್ಮಂದಿರು, ಇನ್ನೂ ಕೆಲವರು. ಗೋಕಾಕ ಫಾಲ್ಸಿನ ಬಂಡೆಗಳ ಮೇಲೆ ಶುರುವಾಗಿ, ಯೋಗಿಕೊಳ್ಳದ ಕಡೆಗೆ ಬೆಳೆದು, ಸಹ್ಯಾದ್ರಿಯ ಕೋಟೆಗಳನ್ನು ಮುಗಿಸಿ, ಕೊನೆಗೆ ವರ್ಷಕ್ಕೊಮ್ಮೆ ಹಿಮಾಲಯಕ್ಕೆ ಹೋಗುವ ಚಟ ಹತ್ತಿತು. ಅಲ್ಲಿಗೆ ಹೋಗಬೇಕೆಂದರೆ ವಿಮೆ ಇರಲೇಬೇಕು. ಕರೆದುಕೊಂಡು ಹೋಗುವವರು ಅದಿಲ್ಲದೆ ಹೆಸರನ್ನೇ ಹಚ್ಚಿಕೊಳ್ಳುವುದಿಲ್ಲ.

ಮೊದಲ ವರ್ಷ ಒಂದು ಸಾದಾ ಇಳಕಲ್ ಸೀರೆಯ ಬೆಲೆಗೆ ವಿಮೆ ಮುಗಿದಿತ್ತು. ಮರುವರ್ಷ ಅದು ರೇಷ್ಮೆ ಸೆರಗಿನದಾಯಿತು. ಆಮೇಲೆ ಏರುತ್ತಲೇ ಹೋಯಿತು. ಹೆಲಿಕಾಪ್ಟರಿನ ಬಾಡಿಗೆ ಏರಿದೆ ಎಂದರು. ಸಣ್ಣ ತಲೆನೋವಿಗೂ ಹೆಲಿಕಾಪ್ಟರ್ ಕರೆಸುವವರು ಹೆಚ್ಚಾಗಿದ್ದಾರೆ ಎಂದರು. ಮಳೆ, ಹಿಮ ಯಾವುದಕ್ಕೂ ಈಗ ಹಂಗಾಮು ಉಳಿದಿಲ್ಲ ಎಂದರು. ಅಕ್ಕನಿಗೆ ಅರವತ್ತು ದಾಟಿದ ವರ್ಷವಂತೂ ಅವಳೊಬ್ಬಳ ಕಂತು ನಮ್ಮಿಬ್ಬರ ರೈಲು, ಊಟ, ವಸತಿ ಎಲ್ಲ ಕೂಡಿದ್ದಕ್ಕಿಂತ ಹೆಚ್ಚಾಯಿತು. “ಸಾಯಾಕ ಇಷ್ಟ ರೊಕ್ಕ ಹತ್ತೂದಿಲ್ಲ” ಎಂದು ಅಕ್ಕ ನಕ್ಕಿದ್ದಳು.

ಆ ಹೊತ್ತಿನಲ್ಲೇ ಅವನು ನಮ್ಮ ಗುಂಪಿಗೆ ಬಂದ. ನಲವತ್ತೈದರ ಆಸುಪಾಸು, ಇಸ್ತ್ರಿ ಮಾಡಿದ ಬಿಳಿ ಅಂಗಿ, ನಗುಮುಖ. ನಡೆಯುತ್ತೇನೆ ಎಂದು ಬರುತ್ತಿದ್ದ, ಆದರೆ ಅರ್ಧ ದಾರಿಗೆ ಯಾವುದಾದರೂ ಗಿಡದ ನೆರಳಿಗೆ ಕುಳಿತುಬಿಡುತ್ತಿದ್ದ. ಇಳಿದು ಬಂದವರಿಗೆಲ್ಲ ತಾನೇ ಚಾ, ಮಿರ್ಚಿ ಭಜಿ ಹೇಳುತ್ತಿದ್ದ. ತನಗೆ ಸಕ್ಕರೆ ಕಾಯಿಲೆ ಎಂದು ಸಪ್ಪನೆಯ ಚಾ ಕುಡಿದು, ಮಾತ್ರೆ ನುಂಗಿ, ಯಾರ ಮಗ ಏನು ಓದುತ್ತಾನೆ, ಯಾರ ಮನೆಯಲ್ಲಿ ಹೊಸ ಗಾಡಿ ಬಂತು ಎಂದು ವಿಚಾರಿಸುತ್ತಿದ್ದ. ನಮ್ಮ ವಿಮೆಯ ಗೋಳು ಕೇಳಿ ಅವನೇ ಹೇಳಿದ, “ನೀವ್ಯಾಕ ಹೊರಗಿನವರ ಕಡೆ ಹೋಗತೇರಿ? ನಾ ಇಲ್ಲೇನ್ರಿ? ಅರ್ಧಕ್ಕ ಅರ್ಧಾ ಕಮ್ಮಿ ಮಾಡಿಸ್ತೇನಿ.”

ನಾನು ಕೇಳಿದ್ದು ನನಗೆ ಚೆನ್ನಾಗಿ ನೆನಪಿದೆ, ಯಾಕೆಂದರೆ ನಾವು ದಾಟಬೇಕಿದ್ದ ಕಣಿವೆದಾರಿಯ ಎತ್ತರ ಐದು ಸಾವಿರ ಮೀಟರಿಗೂ ಮೇಲಿತ್ತು ಮತ್ತು ಅದನ್ನೇ ಎರಡು ಸಲ ಒತ್ತಿ ಹೇಳಿದ್ದೆ. “ಅಷ್ಟ ಎತ್ತರಕ್ಕ ನಡೀತೈತೇನ್ರಿ ಈ ಪಾಲಿಸಿ?”

“ಅಕ್ಕೋರ, ಎಷ್ಟ ಬೇಕಾದಷ್ಟ ಏರ್ರಿ,” ಎಂದ. ನಮ್ಮಲ್ಲಿ ಸಾಲಿ ಕಲಿಸುವ ಹೆಂಗಸರನ್ನು ಅಕ್ಕೋರು ಎಂದೇ ಕರೆಯುವುದು. “ಮಾವಶಿಗಿ ಏನಾರ ಆತಂದ್ರ ಹೆಲಿಕಾಪ್ಟರ್ ಬಂದು ಬಾಗಲಾಗ ನಿಂದರತೈತಿ. ನನ್ನ ಮ್ಯಾಲ ಬಿಡ್ರಿ.”

ಮಾವಶಿ, ಅಂದರೆ ಚಿಕ್ಕಮ್ಮ, ಎಂದದ್ದು ನನ್ನ ಅಕ್ಕನಿಗೆ. ಅಕ್ಕನಿಗೆ ಆ ಮಾತು ಹಿತವಾಗಿತ್ತು. ಅವನ ಮನೆಗೆಂದು ಮುಂದಿನ ರವಿವಾರ ಗೋದಿ ಹಿಟ್ಟು ಬೀಸಿ ತಂದುಕೊಟ್ಟಳು.

ಅಕ್ಕ ಬಿದ್ದದ್ದು ಕಣಿವೆದಾರಿ ದಾಟುವ ಹಿಂದಿನ ದಿನ. ಮಧ್ಯಾಹ್ನದ ಬಿಸಿಲು, ಸಡಿಲ ಕಲ್ಲುಗಳ ಇಳಿಜಾರು. ಅವಳು ನನಗಿಂತ ಸ್ವಲ್ಪ ಮುಂದಿದ್ದಳು. ಕಾಲ ಕೆಳಗಿನ ಕಲ್ಲು ಹೊರಳಿತು, ಅವಳೂ ಹೊರಳಿದಳು. ನಾನು ಹತ್ತಿರ ಹೋಗುವಷ್ಟರಲ್ಲಿ ಎದ್ದು ಕೂಡಲು ನೋಡುತ್ತಿದ್ದಳು. “ಏನಾಗಿಲ್ಲ, ಕಾಲ ಎಲ್ಲೈತಿ ನೋಡು” ಎಂದಳು. ಕಾಲು ಇತ್ತು. ಪಾದ ಮಾತ್ರ ಹೊರಗೆ ತಿರುಗಿ ಮಲಗಿತ್ತು. ತೊಡೆಯ ಎಲುಬು ಮುರಿದಿತ್ತು.

ನಾಲ್ಕು ಜನ ಅವಳನ್ನು ಕಂಬಳಿಯಲ್ಲಿ ಹೊತ್ತು ಹತ್ತಿರದ ಚಹಾದ ಮನೆಗೆ ತಂದರು. ಗೈಡ್ ಹೆಲಿಕಾಪ್ಟರಿನವರಿಗೆ ಫೋನು ಮಾಡಿದ. ವಿಮೆಯವರು ಹೂಂ ಅನ್ನಲಿ, ಬರುತ್ತೇವೆ ಎಂದರು ಅವರು. ನಾನು ವಿಮೆಯವರಿಗೆ ಹಚ್ಚಿದೆ. ಒಬ್ಬ ಹುಡುಗಿ ತುಂಬ ನಯವಾಗಿ ಮಾತಾಡಿದಳು. ನಾವಿರುವ ಎತ್ತರ ಕೇಳಿದಳು. ಹೇಳಿದೆ. ಸ್ವಲ್ಪ ತಡೆಯಿರಿ ಎಂದು ಹೋಗಿ ಬಂದು, “ಮೇಡಂ, ನಿಮ್ಮ ಪಾಲಿಸಿ ಇರುವುದು ನಾಲ್ಕು ಸಾವಿರ ಮೀಟರ್ ತನಕ ಮಾತ್ರ” ಎಂದಳು. ಅದಕ್ಕೂ ಮೇಲಿನದು ಬೇರೆ ಪಾಲಿಸಿಯಂತೆ. ಅದರ ಕಂತು ಬೇರೆಯಂತೆ.

ಅವನಿಗೆ ಫೋನು ಮಾಡಿದೆ. ಎತ್ತಿದ. ಹಿಂದೆ ಮಂದಿ ನಗುವ ಸದ್ದು, ತಾಟುಗಳ ಸದ್ದು, ಯಾವುದೋ ಊಟದ ಮನೆಯಲ್ಲಿದ್ದ. “ಹೌದೇನ್ರಿ? ಅಯ್ಯೋ. ಚಿಂತಿ ಮಾಡಬ್ಯಾಡ್ರಿ ಅಕ್ಕೋರ, ಈಗ ಸಾಹೇಬರ ಕಡೆ ಮಾತಾಡತೇನಿ” ಎಂದ. ಮತ್ತೆ ಹಚ್ಚಿದಾಗ ರಿಂಗಾಯಿತು, ಎತ್ತಲಿಲ್ಲ. ಅದರ ಮುಂದಿನ ಸಲ ಫೋನು ಬಂದ್ ಆಗಿತ್ತು. ಮರುದಿನವೂ ಬಂದ್.

ಆ ಬಂದ್ ಆದ ಫೋನನ್ನು ನಾನು ಈ ಜನ್ಮದಲ್ಲಿ ಮರೆಯುವುದಿಲ್ಲ. ಕಿವಿಗೆ ಹಿಡಿದುಕೊಂಡು ನಿಂತಿದ್ದೇನೆ. ಒಳಗೆ ಅಕ್ಕ ಹಲ್ಲು ಕಚ್ಚಿ ನರಳುತ್ತಿದ್ದಾಳೆ. ಹೊರಗೆ ಹೊಳೆಯುವ ಬಿಳಿ ಶಿಖರಗಳು, ಅವುಗಳನ್ನು ನೋಡಲೆಂದೇ ವರ್ಷಪೂರ್ತಿ ಉಳಿತಾಯ ಮಾಡಿ ಬಂದವರು ನಾವು. ಮೋಡ ಇಳಿದು ಇಡೀ ಮರುದಿನ ಮುಚ್ಚಿಕೊಂಡಿತು. ಮೊದಲ ಮಧ್ಯಾಹ್ನ ಬಿಸಿಲಿದ್ದಾಗಲೇ ಹೆಲಿಕಾಪ್ಟರ್ ಬಂದಿದ್ದರೆ ಎನ್ನುವ ಮಾತು ಅಲ್ಲಿಂದ ನನ್ನ ತಲೆಯಲ್ಲಿ ಸೇರಿತು, ಇನ್ನೂ ಇಳಿದಿಲ್ಲ. ಗುಂಪಿನವರೆಲ್ಲ ತಮ್ಮ ಮನೆಗಳಿಗೆ ಫೋನು ಮಾಡಿ ಹಣ ಹೊಂದಿಸಿದರು. ಮೂರನೇ ದಿನ ಹೆಲಿಕಾಪ್ಟರ್ ಬಂದು ಹೊತ್ತೊಯ್ಯುವಷ್ಟರಲ್ಲಿ ಅಕ್ಕನ ತೊಡೆ ಕುಂಬಳಕಾಯಿಯಂತೆ ಬಾತಿತ್ತು. ಕಾಠ್ಮಂಡುವಿನ ವೈದ್ಯರು, ಬೇಗ ಬಂದಿದ್ದರೆ ಎಲುಬು ಸರಿಯಾಗಿ ಕೂರುತ್ತಿತ್ತು ಎಂದರು. ಬೇಗ ಯಾಕೆ ಬರಲಿಲ್ಲ ಎಂದು ಅವರು ಕೇಳಲಿಲ್ಲ.

ಊರಿಗೆ ಬಂದ ಮೇಲೆ ನಾನು, ಬ್ಯಾಂಕಿನ ಕಾಕಾ ಮತ್ತು ಬಟ್ಟೆ ಅಂಗಡಿಯವರು ಅವನ ಆಫೀಸಿಗೆ ಹೋದೆವು. ಅವನ ಎದುರು ನಾಲ್ಕಾರು ಗಿರಾಕಿಗಳು ಕುಳಿತಿದ್ದರು. ನಮ್ಮನ್ನು ನೋಡಿ ಒಂದು ಗಳಿಗೆ ಮುಖ ಇಳಿಯಿತು, ಕೂಡಲೇ ಸರಿ ಮಾಡಿಕೊಂಡ.

“ನಾ ಎತ್ತರದ್ದ ಸ್ಪಷ್ಟ ಹೇಳಿದ್ದೆನಲ್ರಿ,” ಎಂದ. “ನಾಕ ಸಾವಿರ ತನಕ ಅಂತ. ಅಕ್ಕೋರು ಗಣಿತ ಕಲಸ್ತಾರ. ನಾಕಕ್ಕೂ ಐದಕ್ಕೂ ಫರಕ ಗೊತ್ತಾಗಲಿಲ್ಲ ಅಂದ್ರ ನಾ ಏನ ಮಾಡ್ಲಿ?”

ಕುಳಿತವರಲ್ಲಿ ಇಬ್ಬರು ನಕ್ಕರು. ಅವರನ್ನು ನೋಡಿ ಅವನಿಗೂ ಧೈರ್ಯ ಬಂತು. “ಹಂಗ ನೋಡಿದ್ರ, ಆ ವಯಸ್ಸಿನ್ಯಾಗ ಹೆಣ್ಮಕ್ಕಳು ಗುಡ್ಡ ಹತ್ತಿ ಏನ ಮಾಡೂದೈತ್ರಿ? ಗಿರಣಿ ನೋಡಕೊಂಡ ಮನ್ಯಾಗ ಇರಬೇಕಿತ್ತು.”

ಇಪ್ಪತ್ತೈದು ವರ್ಷ ಮಕ್ಕಳ ಮುಂದೆ ನಿಂತು ಮಾತಾಡಿದವಳು ನಾನು, ತಿರುಗಿ ಹೊರಗೆ ನಡೆದೆ. ಮೆಟ್ಟಿಲಿಳಿಯುವಾಗ ಕಾಕಾ, “ಬಿಡ್ರಿ ಅಕ್ಕೋರ” ಎಂದರು. ಬಿಡುವುದಿಲ್ಲ ಎಂದು ನಾನು ನಿರ್ಧರಿಸಿದ್ದು ಆ ಮೆಟ್ಟಿಲುಗಳ ಮೇಲೆಯೇ.

ವಕೀಲರ ಹತ್ತಿರ ಹೋದೆ. ಬಾಯಿಮಾತಿಗೆ ಸಾಕ್ಷಿ ಏನು ಎಂದರು. ಕಂಪನಿಯದು ತಪ್ಪಿಲ್ಲ, ಕೊಟ್ಟ ಪಾಲಿಸಿಯಲ್ಲಿ ಎತ್ತರ ಬರೆದೇ ಇದೆ ಎಂದರು. ಅಕ್ಕ ಅಷ್ಟರಲ್ಲಿ ಗಿರಣಿಯನ್ನು ಬೇರೆಯವರಿಗೆ ಬಾಡಿಗೆಗೆ ಕೊಟ್ಟಿದ್ದಳು, ಚೀಲ ಎತ್ತುವುದು ಅವಳಿಂದ ಇನ್ನು ಆಗುತ್ತಿರಲಿಲ್ಲ. ನಾನು ಹುಕ್ಕೇರಿಗೆ ಹೋದಾಗಲೆಲ್ಲ ಅವಳು ಕಟ್ಟೆಯ ಮೇಲೆ ಕುಳಿತು, ಪಕ್ಕದ ಗಿರಣಿಯಲ್ಲಿ ಬೇರೊಬ್ಬ ಪಟ್ಟಾ ಏರಿಸುವುದನ್ನು ನೋಡುತ್ತಿದ್ದಳು. “ಅಂವಗ ಕಲ್ಲು ಸರಿ ಹೊಂದಿಸಾಕ ಬರೂದಿಲ್ಲ, ಹಿಟ್ಟು ಕಾದು ಬರತೈತಿ” ಎನ್ನುವಳು. ತನ್ನ ಕಾಲಿನ ಬಗ್ಗೆ ಏನೂ ಹೇಳುತ್ತಿರಲಿಲ್ಲ. ಅವಳು ಸಿಟ್ಟಾಗದೇ ಇದ್ದದ್ದರಿಂದ ನನ್ನ ಸಿಟ್ಟು ಎರಡರಷ್ಟಾಯಿತು.

ಕೋರ್ಟು ಇಲ್ಲದಿದ್ದರೇನು, ನನ್ನ ಹತ್ತಿರ ಬಾಯಿ ಇತ್ತು. ಗೋಕಾಕ, ಮೂಡಲಗಿ, ಹುಕ್ಕೇರಿ ಮೂರೂ ತಾಲೂಕುಗಳಲ್ಲಿ ನನ್ನ ಹತ್ತಿರ ಕಲಿತವರು ಇದ್ದರು. ಯಾರೇ ಯಾತ್ರೆಗೆ, ಗುಡ್ಡಕ್ಕೆ, ಹೊರದೇಶಕ್ಕೆ ಹೊರಟಿದ್ದಾರೆ ಎಂದು ತಿಳಿದರೆ ಅವರ ಮನೆಗೆ ಹೋಗುತ್ತಿದ್ದೆ. ಚಾ ಕುಡಿಯುತ್ತಿದ್ದೆ. ಅವನ ಬಗ್ಗೆ ಕೆಟ್ಟದ್ದು ಆಡುತ್ತಿರಲಿಲ್ಲ. ಏಳುವಾಗ ಇಷ್ಟೇ ಹೇಳುತ್ತಿದ್ದೆ: “ವಿಮಾ ಮಾಡಿಸೂ ಮುಂದ ಅವರಿಗಿ ಒಂದ ಮಾತ ಕೇಳ್ರಿ. ಎಷ್ಟ ಎತ್ತರದ ತನಕ ಐತಿ ಅಂತ. ಬಾಯಿಲೆ ಹೇಳಿದ್ರ ಒಪ್ಪಬ್ಯಾಡ್ರಿ. ಬರದ ಕೊಡ್ರಿ ಅನ್ರಿ.”

ಅವನು ಬರೆದುಕೊಡುತ್ತಿರಲಿಲ್ಲ. ಬರೆದುಕೊಟ್ಟರೆ ದೊಡ್ಡ ಪಾಲಿಸಿ ಮಾರಬೇಕು; ದೊಡ್ಡದನ್ನು ಮಾರಿದರೆ ಅರ್ಧಕ್ಕರ್ಧ ಕಡಿಮೆ ಎನ್ನುವ ಹೆಸರು ಹೋಗುತ್ತದೆ. ಗಿರಾಕಿಗಳು ಒಬ್ಬೊಬ್ಬರೇ ಜಾರಿದರು. ಒಬ್ಬೊಬ್ಬರು ಜಾರಿದಾಗಲೂ ಸುದ್ದಿ ನನಗೆ ಮುಟ್ಟುತ್ತಿತ್ತು, ಮತ್ತು ಆ ದಿನ ನನಗೆ ಊಟ ರುಚಿಸುತ್ತಿತ್ತು.

ಅವನ ವ್ಯಾಪಾರದ ಸೊಂಟ ಮುರಿದದ್ದು ಮೂಡಲಗಿಯಲ್ಲಿ. ಅಲ್ಲಿಯ ದೊಡ್ಡದೊಂದು ಗುಂಪು ಹಿಮಾಲಯದ ಯಾತ್ರೆಗೆ ಹೊರಟಿತ್ತು. ಕಲ್ಯಾಣ ಮಂಟಪವೊಂದರಲ್ಲಿ ಸಭೆ. ಆ ಗುಂಪಿನದಷ್ಟು ವಿಮೆ ಮಾಡಿಸಿದರೆ ಅವನ ಕೆಟ್ಟ ವರ್ಷ ತುಂಬಿ ಬರುತ್ತಿತ್ತು. ಅದಕ್ಕೇ ಕಂಪನಿಯ ಅಧಿಕಾರಿಯೊಬ್ಬರನ್ನು ಬೆಳಗಾವಿಯಿಂದ ಕರೆಸಿದ್ದ. ನನಗೆ ಕರೆ ಇರಲಿಲ್ಲ. ನಾನು ಬೆಳಿಗ್ಗೆಯೇ ಹುಕ್ಕೇರಿಗೆ ಹೋಗಿ ಅಕ್ಕನನ್ನು ಹೊರಡಿಸಿದೆ. ಎಲ್ಲಿಗೆ ಎಂದು ಕೇಳಿದಳು. “ನಮ್ಮ ಸಾಲಿ ಕಡೆ ಒಂದ ಕಾರ್ಯಕ್ರಮ” ಎಂದೆ. ಮಂಟಪದ ಬಾಗಿಲಲ್ಲಿ ಅವನನ್ನು ನೋಡಿದ ಮೇಲೆಯೇ ಅವಳಿಗೆ ತಿಳಿದದ್ದು. ನನ್ನ ಕೈ ಹಿಂಡಿದಳು, “ನಡಿ, ಹೋಗೂಣು.” ನಾನು ಅವಳನ್ನು ಹಿಂದಿನ ಸಾಲಿನಲ್ಲಿ ಕೂರಿಸಿ ಪಕ್ಕದಲ್ಲಿ ಕುಳಿತೆ.

ಅವನು ಚೆನ್ನಾಗಿ ಮಾತಾಡುತ್ತಿದ್ದ, ಅದನ್ನು ಒಪ್ಪಲೇಬೇಕು. ಮುಗಿಸಿ, ಏನಾದರೂ ಕೇಳುವುದಿದ್ದರೆ ಕೇಳಿ ಎಂದ. ನಾನು ವಿದ್ಯಾರ್ಥಿಯ ಹಾಗೆ ಕೈ ಎತ್ತಿದೆ.

“ಎಷ್ಟ ಎತ್ತರದ ತನಕ ಐತ್ರಿ ಈ ಪಾಲಿಸಿ?”

ಮಂಟಪದಲ್ಲಿ ಅರ್ಧದಷ್ಟು ಜನ ನನ್ನ ಶಾಲೆಯ ಮಕ್ಕಳ ತಂದೆತಾಯಿಗಳು. ಎಲ್ಲರೂ ತಿರುಗಿದರು. ಅವನು ನಕ್ಕು, “ಅಕ್ಕೋರ, ಯಾತ್ರಾದಾಗ ಏನೇನ ಬರತೈತಿ ಎಲ್ಲಾ ಐತ್ರಿ” ಎಂದ.

“ಎಲ್ಲಾ ಅಂದ್ರ ಎಷ್ಟ್ರಿ? ನಾ ಗಣಿತ ಕಲಸಾಕಿ. ನನಗ ಅಂಕಿ ಬೇಕು.”

ಅವನು ಬಾಯಿ ತೆರೆಯುವ ಮೊದಲೇ ಬೆಳಗಾವಿಯ ಅಧಿಕಾರಿ, ಪಾಪ, ಏನೂ ಗೊತ್ತಿಲ್ಲದ ಮನುಷ್ಯ, “ನಾಲ್ಕು ಸಾವಿರ ಮೀಟರ್ ಮೇಡಂ. ಮೇಲೆ ಹೋಗುವುದಿದ್ದರೆ ಬೇರೆ ಪಾಲಿಸಿ ತಗೋಬೇಕು” ಎಂದರು. ಮುಂದಿನ ಸಾಲಿನಲ್ಲಿದ್ದ ಒಬ್ಬರು ಎದ್ದು ನಿಂತರು, “ನಾವು ಹೋಗೂದು ಅದಕ್ಕಿಂತ ಮ್ಯಾಲ ಐತೆಲ್ರಿ? ನೀವು ಎಲ್ಲಾ ಐತಿ ಅಂದ್ರಿ?”

ಆಗ ನಾನು ಅಕ್ಕನಿಗೆ, “ಅಕ್ಕಾ, ಎದ್ದ ನಿಂದರು” ಎಂದೆ. ಅವಳು ಏಳಲಿಲ್ಲ. ನಾನೇ ತೋಳು ಹಿಡಿದು ಎಬ್ಬಿಸಿದೆ. ಕೋಲು ಕುರ್ಚಿಗೆ ಬಡಿದು ಸದ್ದಾಯಿತು. ಅವಳು ಒಂದು ಕಡೆಗೆ ವಾಲಿ ನಿಂತಳು. “ಇವರಿಗೂ ಹಂಗ ಹೇಳಿದ್ರು,” ಎಂದೆ. ಅದಕ್ಕಿಂತ ಹೆಚ್ಚು ಹೇಳಬೇಕಾಗಲಿಲ್ಲ.

ಅಧಿಕಾರಿ ಅವನ ಕಡೆ ತಿರುಗಿ, “ಎತ್ತರದ ವಿಷಯ ಇವರಿಗೆ ಹೇಳಿದ್ರಾ?” ಎಂದು ಕೇಳಿದರು. “ಹೇಳಿದ್ದೆ ಸರ್” ಎಂದ ಅವನು. ಎರಡನೇ ಸಲ ಸುಳ್ಳು. ಆದರೆ ಈ ಸಲ ಯಾರೂ ನಗಲಿಲ್ಲ. ಹೆಂಗಸರು ಮೊದಲು ಎದ್ದರು, ಆಮೇಲೆ ಗಂಡಸರು. ಅವನು ತರಿಸಿದ್ದ ಉಪ್ಪಿಟ್ಟು ಪಾತೆಲೆಯಲ್ಲಿಯೇ ಉಳಿಯಿತು. ನಾನು ಒಂದು ತಾಟು ಹಾಕಿಸಿಕೊಂಡು ತಿಂದೆ. ಬಿಸಿ ಇತ್ತು, ಚಲೋ ಇತ್ತು.

ಬಸ್ಸಿನಲ್ಲಿ ಅಕ್ಕ ಕಿಟಕಿಯ ಕಡೆ ಮುಖ ಮಾಡಿ ಕುಳಿತಿದ್ದಳು. ಘಟಪ್ರಭಾ ದಾಟಿದ ಮೇಲೆ, “ನನ್ನ ಕುಂಟಗಾಲ ಎಲ್ಲಾರಿಗೂ ತೋರಿಸಿದಿ” ಎಂದಳು. “ಅವನ ಸುಳ್ಳು ತೋರಿಸಿದೆ” ಎಂದೆ. “ಎರಡೂ ತೋರಿಸಿದಿ” ಎಂದಳು.

ಆಮೇಲೆ ಅವನ ವ್ಯಾಪಾರ ಕುಸಿದುಬಿತ್ತು. ಆಫೀಸಿನ ಮುಂದೆ ಹಾದುಹೋಗುವ ಹುಡುಗರು ಕೂಗಿ ಕೇಳುತ್ತಿದ್ದರಂತೆ, “ಎಷ್ಟ ಎತ್ತರರೀ?” ಸಂತೆಯಲ್ಲಿ, ಕ್ಷೌರದ ಅಂಗಡಿಯಲ್ಲಿ ಅದೇ ಅವನ ಹೆಸರಾಯಿತು. ಕೊನೆಗೆ ಆಫೀಸಿನ ಬೋರ್ಡು ಇಳಿಸಿ, ಕೊಣ್ಣೂರಿನಲ್ಲಿ ಹೆಂಡತಿಯ ತಮ್ಮನ ಪೈಪಿನ ಅಂಗಡಿ ಸೇರಿದ. ಬೋರ್ಡು ಇಳಿಸಿದ್ದನ್ನು ನೋಡಲು ನಾನು ಬೇಕೆಂದೇ ಆ ರಸ್ತೆಯಲ್ಲಿ ನಡೆದು ಹೋದೆ. ಗೋಡೆಯ ಮೇಲೆ ಬೋರ್ಡಿನ ಆಕಾರದ ಬಿಳಿ ಕಲೆ ಉಳಿದಿತ್ತು. ಯಾವ ಶಿಖರದ ಮುಂದೆಯೂ ನಾನು ಅಷ್ಟು ಹೊತ್ತು ನಿಂತಿರಲಿಲ್ಲ.

ಆದರೆ ಗುಂಪು ಮತ್ತೆ ಹಿಮಾಲಯಕ್ಕೆ ಹೊರಟಾಗ ವಿಮೆ ಮಾಡಿಸುವವರೇ ಸಿಗಲಿಲ್ಲ. ಗೋಕಾಕದ ಉಳಿದ ಏಜೆಂಟರು ಕೈ ಮುಗಿದರು. ಒಬ್ಬನಂತೂ ನೇರವಾಗಿಯೇ ಹೇಳಿದ, “ಗುಡ್ಡದ ಪಾಲಿಸಿ ನಾವು ಮುಟ್ಟೂದಿಲ್ರಿ ಅಕ್ಕೋರ. ನಿಮ್ಮ ಸಹವಾಸ ಬ್ಯಾಡ.” ಕೊಲ್ಹಾಪುರದ ಒಬ್ಬ ಹೆಂಗಸನ್ನು ಹುಡುಕಿದೆ. ಚೊಕ್ಕ ಕೆಲಸದ ಹೆಂಗಸು. ಪ್ರತಿಯೊಬ್ಬರ ರೋಗ, ವಯಸ್ಸು, ಹೋಗುವ ಎತ್ತರ ಎಲ್ಲ ಕೇಳಿ ಬರೆದುಕೊಂಡು ಕಂತು ಹೇಳುತ್ತಿದ್ದಳು, ಕೇಳಿದರೆ ಎದೆ ಧಸಕ್ಕೆನ್ನುತ್ತಿತ್ತು. ಅದೂ ಪ್ರತಿ ವರ್ಷ ಏರುತ್ತಿತ್ತು. ಅರವತ್ತು ದಾಟಿದವರದಕ್ಕೆ ಕಾಲು ತೊಲ ಬಂಗಾರ ಬರುತ್ತಿತ್ತು. ಕೊಣ್ಣೂರಿನ ಅಣ್ಣತಮ್ಮಂದಿರು ಬರುವುದನ್ನು ಬಿಟ್ಟರು. ಬಟ್ಟೆ ಅಂಗಡಿಯವರು, ನಾವು ಇಲ್ಲಿಯ ಗುಡ್ಡಗಳಲ್ಲೇ ಇರುತ್ತೇವೆ ಎಂದರು.

ಒಂದು ರವಿವಾರ ಫಾಲ್ಸಿನ ಮೇಲೆ ಚುರುಮುರಿ ತಿನ್ನುತ್ತ ಬ್ಯಾಂಕಿನ ಕಾಕಾ ಎಲ್ಲರ ಮುಂದೆ ಹೇಳಿದರು, “ಅಕ್ಕೋರ, ಬ್ಯಾಸರ ಮಾಡಕೋಬ್ಯಾಡ್ರಿ. ನಿಮ್ಮ ಸೇಡಿನ ಕಂತು ನಾವು ತುಂಬಾಕತ್ತೇವಿ.”

“ಕಾಕಾ, ಅಗ್ಗದ್ದ ಬೇಕಂದ್ರ ನಮ್ಮ ಅಕ್ಕನ್ನ ಕೇಳ್ರಿ, ಅದರ ಬೆಲೆ ಎಷ್ಟ ಅಂತ” ಎಂದೆ. ಅವರ ಮಾತಿನಲ್ಲಿ ಖರೆ ಇತ್ತು. ಇದ್ದರೂ ನಾನು ಒಂದಿಷ್ಟೂ ಪಶ್ಚಾತ್ತಾಪಪಡಲಿಲ್ಲ.

ಇದಾದ ಮುಂದಿನ ಬೇಸಿಗೆಯಲ್ಲಿ ಕೊಲ್ಹಾಪುರದ ಹೆಂಗಸು ಫೋನು ಮಾಡಿದಳು. ಕೊಣ್ಣೂರಿನ ಗಂಡ ಹೆಂಡತಿ ನೇಪಾಳದಲ್ಲಿ ನಾಲ್ಕು ಸಾವಿರ ಮೀಟರಿಗೂ ಮೇಲಿರುವ ದೇವಸ್ಥಾನಕ್ಕೆ ಹೊರಟಿದ್ದಾರೆ, ವಿಮೆ ಕೇಳಿದ್ದಾರೆ, ಗಂಡನ ಮಾತು ಸ್ವಲ್ಪ ಹಾರಿಕೆ ಅನಿಸಿತು, ನಿಮ್ಮ ಕಡೆಯವರೇ, ಪರಿಚಯವೇನು ಎಂದಳು. ಹೆಸರು ಕೇಳಿದರೆ ಅವನೇ; ನಾನು ಕುರ್ಚಿ ಎಳೆದುಕೊಂಡು ಕುಳಿತೆ.

“ಎಂಥಾ ಪಾಲಿಸಿ ಕೇಳ್ಯಾರ?”

“ಸಗಳ್ಯಾತ್ ಸ್ವಸ್ತ, ಎಲ್ಲಕ್ಕಿಂತ ಅಗ್ಗದ್ದು,” ಎಂದಳು ಆಕೆ, ಅರ್ಧ ಮರಾಠಿ ಅರ್ಧ ಕನ್ನಡದಲ್ಲಿ. “ನಾಲ್ಕು ಸಾವಿರದ್ದೇ ಸಾಕು, ಆರಾಮ ಇದ್ದೇನೆ, ಯಾವ ರೋಗವೂ ಇಲ್ಲ ಅಂತಾರೆ.”

ನನಗೆ ನಗು ಬಂತು. “ತಾಯೀ, ಅವರಿಗಿ ಸಕ್ಕರಿ ಬ್ಯಾನಿ ಐತಿ. ನಮ್ಮ ಕಣ್ಣ ಮುಂದ ಗುಳಗಿ ತಗೋತಿದ್ರು. ಬರಸ್ರಿ. ಎತ್ತರ ಪೂರ್ತಿ ಹಾಕ್ರಿ, ಐದ ಸಾವಿರದ ಮ್ಯಾಲಿಂದು. ಇಲ್ಲಂದ್ರ ಮಾಡಿಕೊಡೂದಿಲ್ಲ ಅನ್ರಿ. ಒಂದ ರೂಪಾಯಿ ಬಿಡಬ್ಯಾಡ್ರಿ.” ಅವಳು ಹಾಗೆಯೇ ಮಾಡಿದಳು. ಹೆಂಡತಿ ಹಟ ಹಿಡಿದು ಹೊರಟಿದ್ದರಿಂದ ಅವನು ಬಿಡುವ ಹಾಗಿರಲಿಲ್ಲ. ಅವನು ತುಂಬಿದ ಕಂತು ಎಷ್ಟೆಂದು ಅವಳು ಹೇಳಿದಾಗ ನಾನು ಅಡಿಗೆಮನೆಗೆ ಹೋಗಿ ನನಗಾಗಿ ಒಂದಿಷ್ಟು ಶಿರಾ ಮಾಡಿಕೊಂಡೆ.

ಅವರು ಹೋಗಿ ಬಂದ ಮೇಲೆ, ನಾನು ಹುಕ್ಕೇರಿಯಲ್ಲಿದ್ದ ಒಂದು ಸಂಜೆ, ಅಕ್ಕನ ಮನೆಯ ಮುಂದೆ ಆಟೋ ನಿಂತಿತು. ಅವನ ಹೆಂಡತಿ ಇಳಿದಳು. ಹಿಂದೆ ಅವನು. ಬಿಳಿ ಅಂಗಿ ಸಡಿಲಾಗಿತ್ತು, ಕೊರಳು ಸಣ್ಣಗಾಗಿತ್ತು. ಹೆಂಡತಿ ನೇರ ನನ್ನ ಹತ್ತಿರ ಬಂದು ಎರಡೂ ಕೈ ಹಿಡಿದಳು.

“ಅಕ್ಕೋರ, ಕೊಲ್ಹಾಪುರದವರು ಎಲ್ಲಾ ಹೇಳಿದ್ರು. ನೀವ ಅಂತ ಆ ಪಾಲಿಸಿ ಮಾಡಿಸಿದವರು. ಮ್ಯಾಲ ಹೋದಾಗ ಇವರಿಗಿ ಉಸುರ ಹತ್ತಿತು, ಎದ್ಯಾಗ ನೀರ ತುಂಬಿತ್ತಂತ. ತಾಸಿನೊಳಗ ಹೆಲಿಕಾಪ್ಟರ್ ಬಂತ್ರಿ. ಒಂದ ಮಾತ ಕೇಳಲಿಲ್ಲ. ನೀವು ಇವರ ಜೀವಾ ಉಳಿಸಿದ್ರಿ.”

ನಾನು ಉಳಿಸಲು ಮಾಡಿದ್ದಲ್ಲ ಅದು. ಅವನಿಗೆ ನೋಯಲಿ ಎಂದು ಮಾಡಿದ್ದು. ನನ್ನ ಅಕ್ಕನಿಗೆ ಬರದ ಹೆಲಿಕಾಪ್ಟರ್ ಅವನಿಗೆ ಬಂತು, ಅದನ್ನು ಕರೆಸಿದವಳು ನಾನು! ಕೈ ಬಿಡಿಸಿಕೊಂಡು ಅಡಿಗೆಮನೆಯ ಬಾಗಿಲಿಗೆ ಹೋಗಿ ನಿಂತೆ.

ಅವನು ಚಪ್ಪಲಿ ಕಳಚದೆ ಅಂಗಳದಲ್ಲೇ ನಿಂತಿದ್ದ. ಅಕ್ಕ ಕೋಲು ಊರಿಕೊಂಡು ಹೊರಗೆ ಬಂದಳು. “ಒಳಗ ಬರ್ರಿ, ಹೊರಗ ಯಾಕ ನಿಂತೀರಿ?”

ಅವನು ಕಟ್ಟೆಯ ಅಂಚಿಗೆ ಕುಳಿತ. ಗಿರಣಿಯ ಕಡೆ ನೋಡಿದ. ಆಮೇಲೆ ಅಕ್ಕನ ಮುಖ ನೋಡದೆ, “ಮಾವಶಿ, ಅವತ್ತ ನಾ ಎತ್ತರದ್ದ ಹೇಳಿರಲಿಲ್ಲ” ಎಂದ.

ಅಕ್ಕ, “ಗೊತ್ತೈತಿ. ಚಾ ಕುಡೀರಿ. ಸಕ್ಕರಿ ಹಾಕೂದಿಲ್ಲ” ಎಂದಳು.

ಅಷ್ಟೇ! ವರ್ಷಗಟ್ಟಲೆ ನಾನು ಕಾದಿದ್ದ ಮಾತನ್ನು ಅವಳು ಚಹಾದಲ್ಲಿ ಮುಳುಗಿಸಿಬಿಟ್ಟಳು. ನನಗೆ ತಡೆಯಲಾಗಲಿಲ್ಲ. ಬಾಗಿಲಿಂದಲೇ ಹೇಳಿದೆ, “ಇದನ್ನ ಇಲ್ಲಿ ಹೇಳಿದ್ರ ಸಾಲೂದಿಲ್ರಿ. ನೀವು ನಾಕ ಮಂದಿ ಮುಂದ ಸುಳ್ಳ ಹೇಳೀರಿ. ನಾಕ ಮಂದಿ ಮುಂದನ ಖರೆ ಹೇಳಬೇಕು. ಐತ್ವಾರ ಫಾಲ್ಸಿಗಿ ಬರ್ರಿ.”

ಅವನು ತಲೆ ಆಡಿಸಿದ. ಹೆಂಡತಿ, “ಬರತಾರ್ರಿ, ನಾ ಕರಕೊಂಡ ಬರತೇನಿ” ಎಂದಳು.

ರವಿವಾರ ನಾನು ಎಲ್ಲರಿಗೂ ಫೋನು ಮಾಡಿ ಕರೆಸಿದೆ, ಬರುವುದನ್ನು ಬಿಟ್ಟಿದ್ದ ಕೊಣ್ಣೂರಿನ ಅಣ್ಣತಮ್ಮಂದಿರನ್ನೂ. ಮಳೆಗಾಲದ ನೀರು ಬಂಡೆ ಕಾಣದ ಹಾಗೆ ಕೆಂಪಗೆ ಧುಮುಕುತ್ತಿತ್ತು. ತೂಗುಸೇತುವೆಯ ಈಚೆ ನಿಂತು ಕಾದೆವು. ಅಕ್ಕನೂ ಬಂದಿದ್ದಳು. ಬಿಸಿಲು ನೆತ್ತಿಗೆ ಬಂತು. ಅವನು ಬರಲಿಲ್ಲ. ಫೋನು ಮಾಡಿದೆ. ಬಂದ್ ಆಗಿತ್ತು.

ಹಾಗಾಗಿ ನಾನೇ ಹೇಳಿದೆ. ನೀರಿನ ಸದ್ದಿಗೆ ದನಿ ಎತ್ತರಿಸಿ, ಹುಕ್ಕೇರಿಯ ಕಟ್ಟೆಯ ಮೇಲೆ ಅವನು ಏನೆಂದ ಎಂದು ಅವನ ಮಾತಿನಲ್ಲೇ ಹೇಳಿದೆ. ಕೆಲವರು ಛೀ ಎಂದರು. ಬಟ್ಟೆ ಅಂಗಡಿಯವರು, ನಮಗೆ ಆಗಲೇ ಗೊತ್ತಿತ್ತು ಎಂದರು. ಕಾಕಾ ಟೊಪ್ಪಿಗೆ ತೆಗೆದು ತಲೆ ಕೆರೆದುಕೊಂಡು, “ಆತಲ್ರಿ, ಇನ್ನ ಸಾಕ ಮಾಡ್ರಿ” ಎಂದರು.

ಅಕ್ಕ ಮಾತ್ರ ಕೆಂಡವಾದಳು. ಅವಳನ್ನು ಅಷ್ಟು ಸಿಟ್ಟಿನಲ್ಲಿ ನಾನು ಯಾವತ್ತೂ ನೋಡಿರಲಿಲ್ಲ. “ಅಂವಾ ನನ್ನ ಮುಂದ ಹೇಳಿದ ಮಾತದು. ನನ್ನ ಕಟ್ಟಿ ಮ್ಯಾಲ ಕುಂತು ನನಗ ಹೇಳಿದ್ದು. ನಿನಗಲ್ಲ,” ಎಂದಳು. “ಕಾಲ ನಂದು. ಸಿಟ್ಟ ಮಾಡಬೇಕೋ ಬ್ಯಾಡೋ, ಅದೂ ನಂದು.” ಒಬ್ಬಳೇ ಕೋಲೂರಿಕೊಂಡು ಬಸ್ಸಿನ ಕಡೆ ನಡೆದಳು. ದೀಪಾವಳಿಯ ತನಕ ನನ್ನ ಜೊತೆ ಮಾತಾಡಲಿಲ್ಲ.

ಈಗ ಮಾತಾಡುತ್ತಾಳೆ. ಅವನ ವಿಷಯ ಮಾತ್ರ ನಾವಿಬ್ಬರೂ ಎತ್ತುವುದಿಲ್ಲ. ಈ ವರ್ಷ ಹಿಮಾಲಯಕ್ಕೆ ಹೋಗುವುದು ನಾನು ಮತ್ತು ಕಾಕಾ ಇಬ್ಬರೇ. ಕಂತು ಇನ್ನೂ ಏರಿದೆ, ಹೆಚ್ಚುಕಡಿಮೆ ಒಂದು ತಿಂಗಳ ಪಗಾರ. ತುಂಬಿದ್ದೇನೆ, ಪೂರ್ತಿ ಎತ್ತರದ್ದು. ಅಕ್ಕ ಈಗ ಧುಪದಾಳದ ನೀರಿನ ದಂಡೆಗೆ ಹೋಗಿ ಹಕ್ಕಿ ನೋಡುತ್ತಾಳೆ, ಸಪಾಟು ನೆಲ, ಕೋಲು ಊರಲು ಸರಿಯಾಗುತ್ತದೆ ಎನ್ನುತ್ತಾಳೆ. ನನಗೆ ಅದನ್ನು ಕೇಳಲು ಆಗುವುದಿಲ್ಲ.

ಹೋದ ವಾರ ಕೊಣ್ಣೂರಿನ ಪೇಟೆಯಲ್ಲಿ ಅವನು ಎದುರಾದ. ನನ್ನನ್ನು ನೋಡಿ ನಿಂತ, ಮಾತಾಡಲೋ ಬೇಡವೋ ಎನ್ನುವ ಹಾಗೆ ತುಟಿ ಅಲುಗಿಸಿದ, ಆಮೇಲೆ ತಲೆ ತಗ್ಗಿಸಿ ರಸ್ತೆಯ ಆ ಬಾಜೂ ದಾಟತೊಡಗಿದ. ಕಬ್ಬಿನ ಟ್ರ್ಯಾಕ್ಟರೊಂದು ಅಡ್ಡ ಬಂದು ಅವನು ನಡುರಸ್ತೆಯಲ್ಲೇ ನಿಲ್ಲಬೇಕಾಯಿತು. ನಾನು ಕಾಯಿಪಲ್ಯದ ಚೀಲವನ್ನು ಕೆಳಗಿಟ್ಟು, ಅವನು ಪೂರ್ತಿ ದಾಟುವ ತನಕ ನೋಡುತ್ತ ನಿಂತೆ.